ಛಾಟ್ ಬುಟ್ಟಿ

ಛಾಟ್ ಅಂದರೆ ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ಬೀಡಿ ಕಟ್ಟುವವರಿಗೆ ಅದು ಬೈಗುಳಕ್ಕಿಂತ ಕೆಟ್ಟ ಮಾತು. ನಸುಕಿನಲ್ಲಿ ಏಳಬೇಕು. ನೆನೆಸಿದ ಎಲೆ ಕತ್ತರಿಸಬೇಕು. ತಂಬಾಕು ತುಂಬಬೇಕು, ಸುತ್ತಬೇಕು, ತುದಿಯನ್ನು ಉಗುರಿನಿಂದ ಒತ್ತಿ ಮಡಚಬೇಕು, ದಾರ ಬಿಗಿಯಬೇಕು. ಬೆನ್ನು ಸೆಟೆದು ಕಲ್ಲಾಗುವ ಹೊತ್ತಿಗೆ ಒಂದು ಬುಟ್ಟಿ ತುಂಬುತ್ತದೆ. ಅದನ್ನು ಹೊತ್ತು ಕಂಪನಿಯ ಶಾಖೆಗೆ ಹೋದರೆ ಅಲ್ಲಿ ಕೂತ ಚೆಕರ್ ಒಂದು ಕಟ್ಟು ಎತ್ತುತ್ತಾನೆ, ಬೆರಳಲ್ಲಿ ಒತ್ತುತ್ತಾನೆ, 'ಛಾಟ್' ಎನ್ನುತ್ತಾನೆ. ಅಂದರೆ ಕೆಟ್ಟ ಮಾಲು. ಅದಕ್ಕೆ ಕೂಲಿ ಇಲ್ಲ.

ಆಯಿತಪ್ಪ, ಕೆಟ್ಟದ್ದಾದರೆ ನನ್ನದು ನನಗೆ ಕೊಡು, ಒಲೆಗಾದರೂ ಹಾಕುತ್ತೇನೆ ಎಂದರೆ ಅದೂ ಇಲ್ಲ. ಅವನ ಪಕ್ಕದಲ್ಲಿ ಒಂದು ದೊಡ್ಡ ಬುಟ್ಟಿ ಇರುತ್ತದೆ. ಛಾಟ್ ಅದಕ್ಕೆ ಬೀಳುತ್ತದೆ. ಒಮ್ಮೆ ಆ ಬುಟ್ಟಿಗೆ ಬಿದ್ದ ಕಟ್ಟನ್ನು ಕಟ್ಟಿದವಳು ಮುಟ್ಟುವ ಹಾಗಿಲ್ಲ. ಸಂಜೆ ಆ ಬುಟ್ಟಿ ಒಳಗೆ ಹೋಗುತ್ತದೆ. ಒಳಗೆ ಹೋಗಿ ಏನಾಗುತ್ತದೆ?

ನಾನು ನೋಡಿದ್ದೇನೆ. ನನ್ನ ಹೆಸರು ನೀಲಮ. ನಿಪ್ಪಾಣಿ ಹತ್ತಿರದ ಅಕ್ಕೋಳದವಳು. ಶಾಖೆಯ ಒಳಗೆ ಕಸ ಹೊಡೆಯುವ ಕೆಲಸ ನನಗೇ ಇತ್ತು. ಒಳಗೆ ಛಾಟ್ ಬೀಡಿಯನ್ನು ಒಳ್ಳೆಯ ಬೀಡಿಯ ಜೊತೆಗೇ ಸುರಿದು, ಅದೇ ಚೀಟಿ ಅಂಟಿಸಿ, ಅದೇ ಪೆಟ್ಟಿಗೆಗೆ ತುಂಬುತ್ತಿದ್ದರು. ನನ್ನ ಎದುರಿಗೇ ತುಂಬುತ್ತಿದ್ದರು. ಕಸ ಹೊಡೆಯುವವಳಿಗೆ ಕಣ್ಣಿರುತ್ತದೆ ಎಂದು ಯಾರಿಗೂ ಅನ್ನಿಸುವುದಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಶಾಖೆಯ ಮುಂದೆ ಒಂದು ಕಟ್ಟೆ. ಚೆಕರ್ ಸತ್ತೆಪ್ಪ ಕೂಡುವುದು ಅದರ ಮೇಲೆ. ಊರಿನ ಬೇರೆ ಹೆಂಗಸರು ಕಟ್ಟೆ ಹತ್ತಿ ಮಾಲು ಕೊಡುತ್ತಿದ್ದರು. ನಮ್ಮ ಓಣಿಯವರು ಕೆಳಗೆ ನಿಲ್ಲಬೇಕು. ಬುಟ್ಟಿಯನ್ನು ತಲೆಯ ಮೇಲೆತ್ತಿ ಹಿಡಿಯಬೇಕು. ಅವನು ಬಾಗಿ ತೆಗೆದುಕೊಳ್ಳುತ್ತಾನೆ. ಮರುದಿನದ ಬೀಡಿಗೆ ಕಂಪನಿಯ ಎಲೆ ಕೊಡುವಾಗ ಮೇಲಿನಿಂದ ಎಸೆಯುತ್ತಾನೆ. ಕಸ ಹೊಡೆಯಲು ಮಾತ್ರ ನನಗೆ ಹಿಂದಿನ ಬಾಗಿಲು. ಎಂಥ ಶಾಸ್ತ್ರ ನೋಡಿ! ನಮ್ಮ ಕೈಯ ನೀರು ಬೇಡ, ನಮ್ಮ ಕೈಯ ಬೀಡಿ ಮಾತ್ರ ಎಲ್ಲರ ತುಟಿಗೂ ಬೇಕು.

ಸುಂದರಾ ನನ್ನ ನೆಗೆಣ್ಣಿ, ಗಂಡನ ಅಣ್ಣ ಧೂಳಪ್ಪನ ಹೆಂಡತಿ. ನಾವಿಬ್ಬರೂ ಒಂದೇ ಅಂಗಳದಲ್ಲಿ ಕೂತು ಬೀಡಿ ಕಟ್ಟಿದವರು. ಅವಳ ಹೆಬ್ಬೆರಳಿನ ಉಗುರು ಅರ್ಧಕ್ಕೆ ಸವೆದಿತ್ತು. ತಂಬಾಕಿನ ಧೂಳಿಗೆ ಕೆಮ್ಮು ಬಂದರೆ ಸೆರಗು ಕಚ್ಚಿಕೊಂಡು ಕೆಮ್ಮುತ್ತಿದ್ದಳು, ಕೈ ಮಾತ್ರ ನಿಲ್ಲಿಸುತ್ತಿರಲಿಲ್ಲ. ನಾನು ಒಳಗೆ ನೋಡಿದ್ದನ್ನು ಹೇಳಿದಾಗ ಅವಳ ಕೈ ನಿಂತಿತು.

"ಹಂಗಾದ್ರ ನಮ್ಮ ಛಾಟ್ ಛಾಟ್ ಅಲ್ಲ?" ಎಂದಳು.

"ಅಲ್ಲಕ್ಕಾ. ಅದೂ ಮಾರಾಟಕ್ಕ ಹೊಕ್ಕೈತಿ."

"ಅಂದ್ರ ಇದು ಮೋಸ."

"ಮೋಸನ. ಮತ್ತೇನ, ಪೂಜಾ ಅಂತೀಯೇನ?"

ಅವಳು ನಗಲಿಲ್ಲ. ಮರುದಿನವೇ ಚಿಕ್ಕೋಡಿಯ ಬಸ್ಸು ಹತ್ತಿದಳು, ನನ್ನನ್ನೂ ಎಳೆದುಕೊಂಡು.

ಚಿಕ್ಕೋಡಿಯಲ್ಲಿ ಸಮ್ಮೇದ ಎಂಬ ವಕೀಲನಿದ್ದ. ಚಿಕ್ಕ ವಯಸ್ಸು. ಮನೆತನ ತಂಬಾಕಿನ ವ್ಯಾಪಾರದ್ದು, ಆದರೆ ಮನುಷ್ಯ ಒಳ್ಳೆಯವನು. ನಮ್ಮನ್ನು ಕುರ್ಚಿಯ ಮೇಲೆ ಕೂರಿಸಿ ಮಾತಾಡಿಸಿದ. ಕೇಳಿ, ಬರೆದು, ಕಂಪನಿಯ ಮಾಲಕ ರಾವಸಾಹೇಬನ ಮೇಲೆ ದಾವೆ ಹಾಕಿದ: ವರ್ಷಗಟ್ಟಲೆಯಿಂದ ದಿನಾಲೂ ಒಳ್ಳೆಯ ಬೀಡಿಯನ್ನು ಕೆಟ್ಟದ್ದೆಂದು ಸುಳ್ಳು ಹೇಳಿ, ಕೂಲಿ ಕೊಡದೆ ಇಟ್ಟುಕೊಂಡು, ಮಾರಿ ಮೋಸ ಮಾಡುತ್ತಿದ್ದಾರೆ ಎಂದು.

ದಾವೆ ವಿಚಾರಣೆಗೆ ಬರುವ ಮೊದಲೇ ಬಿದ್ದುಹೋಯಿತು. ಮೋಸ ಎಂಬ ಶಬ್ದ ಇದೆ, ಮೋಸದ ವಿವರ ಇಲ್ಲ ಎಂದು ಕೋರ್ಟು ಅದನ್ನು ತಿರಸ್ಕರಿಸಿತು. ಸುಂದರಾಗೆ ಇದು ತಲೆಗೇ ಹೋಗಲಿಲ್ಲ.

"ವಿವರ ಅಂದ್ರ ಏನ್ರಿ ವಕೀಲ್ರ?"

ಸಮ್ಮೇದ ಕನ್ನಡಕ ತೆಗೆದು ಒರೆಸಿದ. "ಮೋಸ ಅಂತ ಬರಿಬೇಕಾದ್ರ ಕಾಯ್ದೆ ಭಾಳ ಕೇಳ್ತೈತ್ರಿ ಅಕ್ಕಾರ. ಯಾರು ಮಾಡಿದ್ರು, ಯಾವ ತಾರೀಖು, ಎಲ್ಲಿ, ಏನ ಮಾತು ಹೇಳಿ ಮಾಡಿದ್ರು. ಒಂದೊಂದೂ ಬಿಡಿಸಿ ಬರಿಬೇಕು. ಸುಮ್ಮ ಮೋಸ ಅಂದ್ರ ನಡಿಯೂದಿಲ್ಲ."

"ಹೇಳೀವಲ್ರಿ, ದಿನಾ ಅಂತ."

"ದಿನಾ ಅನ್ನೂದು ತಾರೀಖಲ್ರಿ."

"ದಿನಾ ಆಗಿದ್ದಕ್ಕ ಯಾವ ದಿನ ಅಂತ ಹೇಳ್ಲಿ? ಉಸಿರಾಡಿದ್ದು ಯಾವ ತಾರೀಖು ಅಂತ ಯಾರರ ಬರದಿಡ್ತಾರೇನ್ರಿ?"

ಅವನು ತಲೆ ತಗ್ಗಿಸಿದ. "ಕಾಯ್ದೆಕ್ಕೂ ಒಂದು ಕಾರಣ ಐತ್ರಿ. ಯಾರು ಬೇಕಾದ್ರೂ ಯಾರಿಗೆ ಬೇಕಾದ್ರೂ ಮೋಸಗಾರ ಅಂದು ಮಾನ ಕಳೀಬಾರದು ಅಂತ."

"ಮಾಲಕನ ಮಾನ," ಎಂದಳು ಸುಂದರಾ. "ನಮ್ಮ ಬೀಡಿನ ಕೆಟ್ಟದ್ದು ಅಂತ ಬುಟ್ಟಿಗೆ ಒಗದನಲ್ಲ, ಅದಕ್ಕ ವಿವರ ಕೇಳವರು ಯಾರು?"

ಸಮ್ಮೇದ ಕಾಗದ ಮಡಚಿಟ್ಟ. ಚಹಾ ತರಿಸಿದ. ಕುಡಿದು ಬಂದೆವು.

ಮಾರ್ಚಿನಲ್ಲಿ ಮಹಿಳಾ ದಿನ ಬಂತು. ಎರಡು ಸಾವಿರದ ಹದಿಮೂರನೆಯ ಇಸವಿ. ನಿಪ್ಪಾಣಿಯಲ್ಲಿ ಪೆಂಡಾಲು ಹಾಕಿದ್ದರು. ಹೂವು, ಶಾಲು, ಭಾಷಣ. ವೇದಿಕೆಯ ಮೇಲಿದ್ದ ಒಬ್ಬ ಹೆಂಗಸು, ಬೀಡಿ ಕಾರ್ಮಿಕ ತಂಗಿಯರೂ ಎರಡು ಮಾತಾಡಲಿ ಎಂದು ಮೈಕನ್ನು ಸುಂದರಾಳ ಕೈಗೆ ಕೊಟ್ಟಳು. ಎರಡು ಮಾತೆಂದರೆ ಧನ್ಯವಾದ, ನಮಸ್ಕಾರ ಎಂದು ಅವರ ಲೆಕ್ಕ. ಸುಂದರಾ ಎರಡೇ ಮಾತಾಡಿದಳು. "ರಾವಸಾಹೇಬನ ಕಂಪನಿ ನಮ್ಮ ಒಳ್ಳೆ ಬೀಡಿನ ಛಾಟ್ ಅಂತ ಕಸಗೊಂಡು ಮಾರಾಕತ್ತೈತಿ. ಇದು ಮೋಸ, ಹಾಡಾಹಗಲ ಮೋಸ." ಅಷ್ಟೇ. ಮೈಕು ಕೆಳಗಿಟ್ಟು ಬಂದಳು. ಹಿಂದೆ ಕೂತಿದ್ದ ಬೀಡಿ ಹೆಂಗಸರು ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ಮುಂದೆ ಕೂತವರು ಶಾಲು ಸರಿಮಾಡಿಕೊಂಡರು. ಯಾರೋ ಮೊಬೈಲಿನಲ್ಲಿ ಅದನ್ನು ಹಿಡಿದಿಟ್ಟರು.

ಒಂದು ತಿಂಗಳೊಳಗೆ ಕೋರ್ಟಿನ ಜವಾನ ಬಂದ. ರಾವಸಾಹೇಬ ಸುಂದರಾಳ ಮೇಲೆ ಮಾನಹಾನಿಯ ದಾವೆ ಹಾಕಿದ್ದ. ಹತ್ತು ಲಕ್ಷ ಕೇಳಿದ್ದ. ಅವಳ ಮನೆಯ ಗೋಡೆಗೆ ಗಿಲಾವೂ ಆಗಿರಲಿಲ್ಲ, ಅವಳನ್ನು ಹತ್ತು ಲಕ್ಷ ಕೇಳಿದ್ದ! ಮತ್ತೆ ಚಿಕ್ಕೋಡಿಗೆ ಹೋದೆವು. ಸಮ್ಮೇದ ಓದಿ ಹೇಳಿದ. ಯಾವ ತಾರೀಖು, ಬರೆದಿತ್ತು. ಎಷ್ಟು ಹೊತ್ತಿಗೆ, ಬರೆದಿತ್ತು. ಯಾವ ಪೆಂಡಾಲಿನಲ್ಲಿ, ಯಾರೆದುರಿಗೆ, ಯಾವ ಯಾವ ಶಬ್ದ, ಎಲ್ಲ ಬರೆದಿತ್ತು. ಅವಳ ಮಾತನ್ನು ಒಂದಕ್ಷರ ಬಿಡದೆ ಬರೆದಿದ್ದರು.

ಸುಂದರಾ ಸುಮ್ಮನೆ ಕೇಳಿದಳು. ಆಮೇಲೆ ಹೇಳಿದಳು, "ನಾ ಒಮ್ಮೆ ಆಡಿದ್ದಕ್ಕ ಇಷ್ಟ ಚಂದ ವಿವರ ಐತಿ. ಅವರು ಜನ್ಮೆಲ್ಲಾ ಮಾಡಿದ್ದಕ್ಕ ಒಂದೂ ಇಲ್ಲ. ಹೌದಲ್ರಿ?"

"ಹೌದ್ರಿ."

"ನೀಲಮಾ, ಒಮ್ಮೆ ತಪ್ಪು ಮಾಡಿದ್ರ ಸಿಗತೀವಿ. ದಿನಾ ಮಾಡಿದ್ರ ಯಾರೂ ಹಿಡಿಯಾಕಾಗೂದಿಲ್ಲ."

ಕೋರ್ಟಿನ ಇನ್ನೊಂದು ಕಾಗದವೂ ಇತ್ತು, ತಡೆಯ ಆದೇಶ. ಕೇಸು ಮುಗಿಯುವವರೆಗೆ ಆ ಕಂಪನಿಯ ಬಗ್ಗೆ ಮೋಸ, ಕಳ್ಳತನ ಎಂಬ ಮಾತನ್ನು ಸುಂದರಾ ಎಲ್ಲಿಯೂ ಆಡಬಾರದು, ಬರೆಯಬಾರದು, ಹಂಚಬಾರದು. ಆಡಿದರೆ ಜೈಲು. ಅವಳನ್ನು ಕೇಳದೆಯೇ ಆ ತಡೆ ಬಂದಿತ್ತು. ಕೇಸು ಯಾವಾಗ ಮುಗಿಯುತ್ತದೆ ಎಂದು ಕೇಳಿದೆವು. ಸಮ್ಮೇದ ಮುಂದಿನ ತಾರೀಖನ್ನು ಮಾತ್ರ ಬರೆದುಕೊಟ್ಟ.

ಮೊದಮೊದಲು ಓಣಿಯಲ್ಲಿ ಇದು ನಗೆಯ ವಿಷಯವಾಯಿತು. ನಳದ ಹತ್ತಿರ ಮುದುಕಿ ಗಿರಿಜವ್ವ ಕೇಳುತ್ತಿದ್ದಳು, "ಏ ಸುಂದರಾ, ಇವತ್ತ ಬಿಸಲ ಭಾಳ ಐತಿ ಅನ್ನಾಕರ ಕೋರ್ಟಿನ ಪರವಾನಗಿ ಐತೇನ?" ಸುಂದರಾಳೂ ನಗುತ್ತಿದ್ದಳು. ಆಮೇಲೆ ಅವಳ ನಗೆ ಕಡಿಮೆಯಾಯಿತು. ಮಾತು ಕಡಿಮೆಯಾಯಿತು. ಯಾವ ಮಾತು ಆ ಕಾಗದದಲ್ಲಿದೆ, ಯಾವುದು ಇಲ್ಲ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅಂಗಡಿಯವನು ತೂಕದಲ್ಲಿ ಕಡಿಮೆ ಕೊಟ್ಟರೂ ಸುಮ್ಮನೆ ಬರುತ್ತಿದ್ದಳು. ಅಂಥ ಬಾಯಿಯವಳು! ಧೂಳಪ್ಪ ಭಾವ ಉಗಾರ ಖುರ್ದದ ಕಡೆ ಕಬ್ಬು ಸಾಗಿಸಲು ಹೋಗಿದ್ದವನು ಬಂದು, "ನಿನ್ನ ಬಾಯಿನ ನಮಗ ಮುಳುವಾತು" ಎಂದ. "ಬಾಯಿಲ್ಲದಾಕಿನ್ನ ಲಗ್ನ ಆಗಬೇಕಿತ್ತು" ಎಂದಳು. ಮನೆಯೊಳಗೆ ಮಾತ್ರ ಅಷ್ಟು ಉಳಿದಿತ್ತು.

ಆಮೇಲೆ ಎಲೆ ನಿಂತಿತು.

ಸುಂದರಾಳಿಗೆ ಮಾತ್ರ ಅಲ್ಲ, ನಮ್ಮ ಇಡೀ ಓಣಿಗೆ. ಸತ್ತೆಪ್ಪ ಕಟ್ಟೆಯ ಮೇಲಿನಿಂದ ಹೇಳಿದ, "ಮಾಲಕರ ಹುಕುಂ. ಆಕಿ ಮಾಫಿ ಕೇಳಿದ ಮ್ಯಾಲನ ನಿಮಗ ಎಲಿ." ಕಟ್ಟಿಟ್ಟ ಬೀಡಿಯನ್ನೂ ತೆಗೆದುಕೊಳ್ಳಲಿಲ್ಲ. ಬುಟ್ಟಿಗಳು ಮನೆಯಲ್ಲಿ ಉಳಿದವು. ಒಲೆಗಳು ತಣ್ಣಗಾದವು. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಇಲ್ಲಿ ಒಬ್ಬಳ ಸಿಟ್ಟು ಓಣಿಯ ದವಡೆಗೆಲ್ಲ ಬಂತು. ನಳದ ಹತ್ತಿರ ನಗುತ್ತಿದ್ದ ಗಿರಿಜವ್ವ ಸುಂದರಾಳ ಬಾಗಿಲಿಗೆ ಬಂದು ಎದೆ ಬಡಿದುಕೊಂಡಳು.

"ಖರೇ ಮಾತಿಂದ ರೊಟ್ಟಿ ಬೇಯತೈತೇನ ಬೇ? ತಪ್ಪಾತು ಅನ್ನ. ಅಂದ್ರ ನಾಲಿಗಿ ಉದರತೈತೇನ?"

ಸುಂದರಾ ಹೊಸ್ತಿಲಲ್ಲಿ ಕೂತು ನೆಲ ನೋಡುತ್ತಿದ್ದಳು. "ಅಂತೀನಿ ಅತ್ತಿ," ಎಂದಳು.

ಪಂಚಾಯತಿಯ ಬಾಪುಸಾಹೇಬ ನಡುವೆ ನಿಂತು ರಾಜಿ ಮಾಡಿಸಿದ. ಶುಭ್ರ ಧೋತರ, ಮೆತ್ತಗಿನ ಮಾತು, ಎರಡೂ ಕಡೆ ಉಣ್ಣುವ ಮನುಷ್ಯ. ಸುಂದರಾ ಎಲ್ಲರೆದುರಿಗೆ, ನಾನು ಹೇಳಿದ್ದು ಸುಳ್ಳು, ಕಂಪನಿ ಛಾಟ್ ಮಾರುವುದಿಲ್ಲ ಎನ್ನಬೇಕು. ಮಾಲಕನ ಕಾಲು ಹಿಡಿಯಬೇಕು. ಆಗ ದಾವೆ ವಾಪಸು, ಎಲೆ ವಾಪಸು. ಎಲ್ಲಿ ಹೇಳಬೇಕು? ಶಾಖೆಯ ಕಟ್ಟೆಯ ಮೇಲೆ ನಿಂತು. ಎಲ್ಲರಿಗೂ ಕಾಣಬೇಕಲ್ಲ! ನಮ್ಮ ಓಣಿಯವರ ಕಾಲು ಸೋಕಬಾರದ ಕಟ್ಟೆ, ಮಾನ ಕಳೆಯುವುದಕ್ಕಾದರೆ ಸೋಕಬಹುದು ಎಂದಾಯಿತು.

ಆ ದಿನ ನಾವೆಲ್ಲ ಉಳಿದ ಬುಟ್ಟಿಗಳನ್ನು ಹೊತ್ತುಕೊಂಡು ಹೋದೆವು. ಸಮ್ಮೇದ ರಾಜಿಯ ಕಾಗದ ಹಿಡಿದು ಬಂದಿದ್ದ. ಮುಖ ಬಾಡಿತ್ತು. ಮಾಲಕ ಬರುವುದು ತಡವಾದ್ದರಿಂದ ಸತ್ತೆಪ್ಪ ಮಾಲು ನೋಡಲು ಕೂತ. ಮುಯ್ಯಿ ತೀರಿಸಿಕೊಂಡ. ನಾವು ಕೆಳಗೆ ಬುಟ್ಟಿ ಎತ್ತಿ ಹಿಡಿದು ನಿಂತೆವು, ತೋಳು ಸೋತು ನಡುಗುತ್ತಿದ್ದವು. ಅವನು ಒಂದು ಕಟ್ಟು ತೆಗೆದುಕೊಂಡು ಒಂದು ಕಟ್ಟು ಬಿಸಾಡಿದ. ಸುಂದರಾಳದಂತೂ ನೋಡಲೇ ಇಲ್ಲ. "ಛಾಟ್, ಛಾಟ್, ಛಾಟ್." ಬುಟ್ಟಿ ತುಂಬಿ ಕಂಠಕ್ಕೆ ಬಂತು. ಅಷ್ಟೂ ನಮ್ಮ ಬೆನ್ನುನೋವು.

ರಾವಸಾಹೇಬ ಜೀಪಿನಿಂದ ಇಳಿದ. ಕುರ್ಚಿ ಹಾಕಿದರು, ಕೂತ.

"ಹತ್ತ ಮ್ಯಾಲ," ಎಂದ ಬಾಪುಸಾಹೇಬ.

ಸುಂದರಾ ಹತ್ತಿದಳು. ಸೆರಗು ತಲೆಯ ಮೇಲಿತ್ತು. ಕೈ ಮುಗಿದಳು. ನಾನು ಕಣ್ಣು ಮುಚ್ಚಿಕೊಂಡೆ, ಅದನ್ನು ನೋಡುವುದು ಬೇಡವಾಗಿತ್ತು.

"ಮಾಲಕರ," ಎಂದಳು, "ಮಾಫಿ ಕೇಳಾಕ ಬಂದೀನ್ರಿ. ಓದು ಬರಹ ಇಲ್ಲದಾಕಿ, ಏನ ಅನ್ನಬೇಕು ಅನ್ನೂದು ತಪ್ಪಬಾರದು. ಮೊದಲ ತಿಳಕೋತೀನ್ರಿ. ಛಾಟ್ ಅಂದ್ರ ಕೆಟ್ಟ ಮಾಲು, ಹೌದಲ್ರಿ?"

"ಹೌದು," ಎಂದ ರಾವಸಾಹೇಬ.

"ಅದು ಯಾರಿಗೂ ಉಪಯೋಗಿಲ್ರಿ?"

"ಇಲ್ಲ."

"ಕಂಪನಿ ಅದನ್ನ ಮಾರೂದಿಲ್ರಿ?"

"ಮಾರೂದಿಲ್ಲ. ಅದನ್ನ ಈಗ ನೀ ಅನ್ನ, ಜೋರಾಗಿ ಅನ್ನ."

"ಕೆಟ್ಟ ಮಾಲು ಇಟಗೊಂಡು ಏನ ಮಾಡ್ತೀರಿ, ಮಾಲಕರ?" ಎಂದಳು ಸುಂದರಾ.

ಛಾಟ್ ಬುಟ್ಟಿ ಅವಳ ಕಾಲಬುಡದಲ್ಲೇ ಇತ್ತು. ಕೆಳಗೆ ನಿಂತವರ ಕೈಗೆ ಅದು ಎಂದೂ ಎಟುಕಿರಲಿಲ್ಲ. ಮೇಲೆ ಹತ್ತಿಸಿದವರು ಅವರೇ. ಎರಡೂ ಕೈಯಿಂದ ಎತ್ತಿ ಬೋರಲು ಹಾಕಿದಳು. ಕಟ್ಟುಗಳು ಕಟ್ಟೆಯ ತುಂಬ ಉರುಳಿದವು. ಬರಿಗಾಲಿನಿಂದ ತುಳಿದಳು. ಎಲೆ ಪಟಪಟ ಒಡೆಯಿತು. ತಂಬಾಕು ಎದ್ದಿತು. ಕೆಮ್ಮುತ್ತ ತುಳಿದಳು.

"ಏ ಹುಚ್ಚಿ!" ಸತ್ತೆಪ್ಪ ಚೀರಿದ. "ನಾಳೆ ಮಿರಜಿಗೆ ಹೋಗೂ ಮಾಲೈತಿ ಅದು! ಬಿಡ, ಎಲ್ಲಾ ಪ್ಯಾಕಿಗೆ ಹೋಗೂದೈತಿ!"

ರಾವಸಾಹೇಬ ಕುರ್ಚಿಯಿಂದ ಧಡಕ್ಕನೆ ಎದ್ದ.

"ಬಾಯಿ ಮುಚ್ಚಲೇ ಸತ್ತೆಪ್ಪಾ!" ಎಂದ ರಾವಸಾಹೇಬ.

ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗಿರಿಜವ್ವ ತನ್ನ ಬುಟ್ಟಿ ಕೆಳಗಿಟ್ಟು, "ಕೇಳಿದ್ರೇನ್ರೇ? ಮಿರಜಿಗಂತ!" ಎಂದಳು. ಸತ್ತೆಪ್ಪ ಆ ಸಿಟ್ಟನ್ನು ಸುಂದರಾಳ ಮೇಲೆ ತೀರಿಸಿಕೊಂಡ. ತೋಳು ಹಿಡಿದು ಎಳೆದು ಕಟ್ಟೆಯಿಂದ ನೂಕಿದ. ಕಲ್ಲಿಗೆ ಬಿದ್ದಳು. ಮೊಣಕೈಯ ಚರ್ಮ ಸುಲಿದು ನೆತ್ತರು ಬಂತು. ನಾನು ಎತ್ತಲು ಹೋದೆ.

"ಕೋರ್ಟಿನ ತಡೆ ಐತಿ! ತಡೆ ಮೀರಿದಿ!" ಎಂದು ಬಾಪುಸಾಹೇಬ ಬೆರಳು ತೋರಿಸಿದ.

"ನಾ ಏನೂ ಅಂದಿಲ್ರಿ," ಎಂದಳು ಸುಂದರಾ ನೆಲದ ಮೇಲಿನಿಂದ. "ಅಂದವರು ನಿಮ್ಮವರ."

ಸಮ್ಮೇದ ರಾಜಿಯ ಕಾಗದವನ್ನು ತಿರುಗಿಸಿ ಹಿಂದೆ ಏನೋ ಬರೆಯುತ್ತಿದ್ದ. ಕೈ ಅವಸರದಲ್ಲಿತ್ತು.

"ಏನ ಬರಿಯಾಕತ್ತೀರಿ ವಕೀಲ್ರ?" ಎಂದ ರಾವಸಾಹೇಬ.

"ವಿವರ, ಸಾಹೇಬ್ರ. ಕೋರ್ಟು ಕೇಳಿತ್ತು."

ಇಲ್ಲಿಗೆ ಕಥೆ ಮುಗಿದಿದ್ದರೆ ನಾನೂ ಖುಷಿಯಾಗಿ ಎಲೆಯಡಿಕೆ ಹಾಕಿಕೊಂಡು ಕೂತಿರುತ್ತಿದ್ದೆ. ಮುಗಿಯಲಿಲ್ಲ. ಸಮ್ಮೇದ ಹೊಸ ದಾವೆ ಹಾಕಿದ. ಯಾರು, ಯಾವಾಗ, ಎಲ್ಲಿ, ಏನಂದರು, ಯಾರು ಕೇಳಿದರು, ಎಲ್ಲ ಬರೆದ. ಈ ಸಲ ಕೋರ್ಟು ತೆಗೆದುಕೊಂಡಿತು. ಸತ್ತೆಪ್ಪ ತಾನು ಆ ಮಾತು ಆಡಿಯೇ ಇಲ್ಲ ಎಂದ. ಹಾಗಾದರೆ ದಾವೆ ಹಾಕಿದವಳ, ಅವಳ ವಕೀಲನ ಮಾತು ಸಾಲದು, ಕೇಳಿದ ಬೇರೆಯವರು ಬಂದು ಸಾಕ್ಷಿ ಹೇಳಬೇಕು. ಆಗ ಸಾಕ್ಷಿಗಳ ಪಟ್ಟಿಯಲ್ಲಿ ಹೆಸರಿದ್ದ ಒಬ್ಬೊಬ್ಬ ಹೆಂಗಸಿಗೂ ಕಂಪನಿಯ ವಕೀಲರಿಂದ ಒಂದೊಂದು ನೋಟೀಸು ಬಂತು. ಕೇಳಿದೆ ಎಂದು ಹೇಳಿದರೆ ನಿಮ್ಮ ಮೇಲೂ ಹತ್ತು ಲಕ್ಷದ ದಾವೆ ಎಂದು.

ಶಾಖೆ ಮುಚ್ಚಿತು. ಎಲೆ ಬೇರೆ ಊರಿಗೆ ಹೋಯಿತು. ನಾವು ಕಬ್ಬು ಕಡಿಯಲು ಹೋದೆವು, ಹೊಲದಲ್ಲಿ ಕಳೆ ತೆಗೆಯಲು ಹೋದೆವು. ವರ್ಷಗಳು ಹೋದವು. ಸಾಕ್ಷಿಗಳೂ ಒಬ್ಬೊಬ್ಬರಾಗಿ ಹೋದರು. ಒಬ್ಬಳಿಗೆ ಮಗಳ ಲಗ್ನ ಇತ್ತು. ಒಬ್ಬಳ ಮಗನನ್ನು ಕಂಪನಿಯವರೇ ಗೋದಾಮಿನಲ್ಲಿ ಕೆಲಸಕ್ಕಿಟ್ಟುಕೊಂಡರು. ಒಬ್ಬಳು ಆ ದಿನ ತನ್ನ ಕಿವಿ ಸೋರುತ್ತಿತ್ತು, ಏನೂ ಕೇಳಿಸಲಿಲ್ಲ ಎಂದಳು. ಗಿರಿಜವ್ವ ಮಾತ್ರ, ಹತ್ತ ಲಕ್ಷ ಅಂದ್ರ ಎಷ್ಟ ಅಂತ ಮೊದಲ ತೋರಸ್ರಿ, ಆಮ್ಯಾಲ ಹೆದರತೀನಿ ಎನ್ನುತ್ತಿದ್ದಳು. ಅವಳು ಸಾಕ್ಷಿ ಹೇಳುವ ಮೊದಲೇ ಸತ್ತಳು. ಯಾರನ್ನೂ ನಾನು ಬೈಯುವುದಿಲ್ಲ. ಬೈಯಬೇಕಾದವರು ಬೇರೆ ಇದ್ದಾರೆ.

ಸುಂದರಾಳ ಬಾಯಿಗೆ ಹಾಕಿದ ತಡೆ ಹಾಗೆಯೇ ಇತ್ತು. ಅವಳ ಮೇಲಿನ ದಾವೆ ತಾರೀಖಿನಿಂದ ತಾರೀಖಿಗೆ ಹೋಗುತ್ತಲೇ ಇತ್ತು.

ಕಡೆಗೆ ಸಾಕ್ಷಿಗೆ ಉಳಿದವಳು ನಾನೊಬ್ಬಳು.

ನನ್ನ ಸಾಕ್ಷಿಯ ದಿನ ಸುಂದರಾ ನನ್ನ ಜೊತೆ ಬಂದಳು. ಕಬ್ಬಿನ ಗರಿ ಕೊಯ್ದು ಅವಳ ಕೈ ತುಂಬ ಗೀರುಗಳಿದ್ದವು. ಕೋರ್ಟಿನ ಹೊರಗಿನ ಪಡಸಾಲೆಯಲ್ಲಿ ನಿಂತಿದ್ದೆವು. ಬಾಪುಸಾಹೇಬ ಬಂದ. ಅದೇ ಧೋತರ, ಅದೇ ಮೆತ್ತಗಿನ ಮಾತು.

"ನೀಲಮಾ, ಸರಕಾರದ ಮನಿ ನಿನ್ನ ಹೆಸರಿನಾಗ ಬಂದೈತಲ್ಲ?"

"ಬಂದೈತ್ರಿ."

"ಚಲೋ ಆತು. ಒಳಗ ಹೋಗಿ ಆ ಮಾತು ಅಂದ್ರ ನಾಳೆ ನಿನ್ನ ಮ್ಯಾಲೂ ದಾವೆ. ಮನಿ ಉಳಿಯೂದಿಲ್ಲ. ಮಕ್ಕಳನ್ನ ಕಟಗೊಂಡು ಎಲ್ಲಿ ಹೋಗ್ತಿ? ಭಾಳ ವರ್ಷಾತು, ನೆನಪಿಲ್ಲ ಅನ್ನ. ಮರಿಯೂದೇನು ಅಪರಾಧ ಅಲ್ಲ."

ನನಗೆ ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ತಿರುಗಿ ಬಸ್ಸು ಹತ್ತಿಬಿಡೋಣ ಅನ್ನಿಸಿತು. ಆ ಮನೆಗೆ ಬಾಗಿಲು ಹಚ್ಚಿ ವರ್ಷವೂ ಆಗಿರಲಿಲ್ಲ. ಸುಂದರಾಳ ಕಡೆ ನೋಡಿದೆ. ಅವಳು ಹೇಳು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ತುಟಿ ಬಿಗಿಹಿಡಿದು ನಿಂತಿದ್ದಳು. ಈ ವರ್ಷಗಳಲ್ಲಿ ಅವಳಿಗೆ ಅದೇ ರೂಢಿಯಾಗಿತ್ತು. ನಳದ ಹತ್ತಿರ ಇಡೀ ಓಣಿಗೆ ಕೇಳುವಂತೆ ನಗುತ್ತಿದ್ದ ಹೆಂಗಸು.

ಒಳಗಿನಿಂದ ಜವಾನ ನನ್ನ ಹೆಸರು ಕೂಗಿದ.

"ಬಾಪುಸಾಹೇಬ್ರ," ಎಂದೆ, "ನಿಮ್ಮ ವಕೀಲರಿಗೆ ತ್ರಾಸ ಆಗೂದು ಬ್ಯಾಡ. ನನ್ನ ಮ್ಯಾಲಿನ ದಾವೆಕ್ಕ ವಿವರ ಇಲ್ಲೇ ಕೊಡ್ತೀನಿ, ಬರಕೋರಿ. ತಾರೀಖು ಇವತ್ತಿಂದು. ಜಾಗಾ ಕೋರ್ಟಿನ ಪಡಸಾಲಿ. ರಾವಸಾಹೇಬ ನಮಗ ಮೋಸ ಮಾಡ್ಯಾನ. ಅಂದಾಕಿ ಅಕ್ಕೋಳದ ನೀಲಮ. ಕೇಳಿದವರು ನೀವು."

ಅಷ್ಟು ಹೇಳಿ ಒಳಗೆ ಹೋದೆ.